ಸಂತೆಯಿಂದ ಬರುತ್ತಿದ್ದ ಹೆಜ್ಜೆ

ಸಂತೆಯ ದಿನ ನಮ್ಮ ಮನೆಗೆ ಮೊದಲು ಸಪ್ಪಳ ಬರುತ್ತಿತ್ತು, ಆಮೇಲೆ ಮಾವನವರು. ಓಣಿ ತಿರುಗುವಲ್ಲಿ ಜಲ್ಲಿ ಕಡಿ ಹಾಕಿದ ದಾರಿ ಇದೆ. ಅದರ ಮೇಲೆ ಅವರ ಬಲಗಾಲು ಟಪ್ ಎಂದು ಬೀಳುತ್ತಿತ್ತು, ಎಡಗಾಲು ಸರ್ರ್ ಎಂದು ಹಿಂದಿನಿಂದ ಬರುತ್ತಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನಾನು ಆ ಸಪ್ಪಳಕ್ಕೆ ಕೈ ನಿಲ್ಲಿಸಿ ಒಲೆಯ ಉರಿ ಸಣ್ಣ ಮಾಡುತ್ತಿದ್ದೆ. ಅಷ್ಟರಲ್ಲಿ ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡು, ತಂಬಿಗೆಯಲ್ಲಿ ಕಾಲಿಗೆ ನೀರು ಹಿಡಿದು ಬಾಗಿಲಿಗೆ ಹೋಗಿರುತ್ತಿದ್ದರು. ಮಾವನವರು ಚೀಲ ನನ್ನ ಕೈಗೆ ಕೊಡುತ್ತಿದ್ದರು. ಚೀಲದ ಬಾಯಿಂದ ಹಸಿ ಮಣ್ಣು, ಮೆಂತ್ಯೆ, ಪುಂಡಿ ಪಲ್ಲೆಯ ಹುಳಿ ವಾಸನೆ ಒಟ್ಟಿಗೆ ಮೇಲೆ ಬರುತ್ತಿತ್ತು.

ಅವರ ಊರು ಯಲಬುರ್ಗಾ ಕಡೆಯ ಹಳ್ಳಿ. ಹೊಲವನ್ನು ಚಿಕ್ಕ ಮಗನಿಗೆ ಒಪ್ಪಿಸಿ ಕುಷ್ಟಗಿಗೆ, ನಮ್ಮ ಮನೆಗೆ ಬಂದಾಗ ಆಗಲೇ ವಯಸ್ಸಾಗಿತ್ತು. ಸಕ್ಕರೆ ಕಾಯಿಲೆಯೂ ಜೊತೆಗೆ ಬಂದಿತ್ತು. ಪೇಟೆಯ ಮನೆಯಲ್ಲಿ ಅವರಿಗೆ ಮಾಡಲು ಕೆಲಸವಿರಲಿಲ್ಲ. ಸಂತೆಯೊಂದೇ ಅವರದು. ವಾರವೆಲ್ಲ ಮಂಕಾಗಿ ಕೂತಿರುತ್ತಿದ್ದವರು ಆ ದಿನ ಬೆಳಿಗ್ಗೆ ಬೇಗ ಎದ್ದು ಗಡ್ಡ ಮಾಡಿಕೊಂಡು ಹೊರಟುಬಿಡುತ್ತಿದ್ದರು. "ಗುಳಗಿ ಡಾಕ್ಟರ್ ಕೊಡ್ತಾನ ತಂಗಿ, ಹಸಿವಿ ಮಾತ್ರ ಸಂತ್ಯಾಗ ತರಬೇಕು" ಎಂದು ನನಗೆ ಅನ್ನುತ್ತಿದ್ದರು. ಸಂತೆಯಿಂದ ಬಂದ ದಿನ ಅವರು ಎರಡು ರೊಟ್ಟಿ ಜಾಸ್ತಿ ತಿನ್ನುತ್ತಿದ್ದದ್ದು ನಿಜ.

ನಾನು ಗಂಗಾವತಿಯವಳು. ಕಾಲುವೆ ನೀರಿನ ಊರು, ಮೂರು ಹೊತ್ತೂ ಅನ್ನ. ಓದಿದ್ದು ಕಾನ್ವೆಂಟಿನಲ್ಲಿ. ನಮ್ಮ ಕ್ಲಾಸಿನ ಗೋಡೆಯ ಮೇಲೆ ಒಂದು ಚಾರ್ಟ್ ಇತ್ತು. ಕ್ಯಾರೆಟ್ಟು, ಕೋಸು, ಟೊಮೆಟೊ, ಒಂದೊಂದರ ಪಕ್ಕ ಒಂದೊಂದು ವಿಟಮಿನ್ನು. ಸಿಸ್ಟರ್ ಕೋಲಿನಿಂದ ತೋರಿಸಿದ್ದನ್ನು ನಾವು ರಾಗವಾಗಿ ಹೇಳುತ್ತಿದ್ದೆವು. ಮದುವೆಯಾಗಿ ಬಂದ ಮೇಲೆ ಹಕ್ಕರಕಿ ಪಲ್ಲೆಯನ್ನು ಹಸಿಯಾಗಿಯೇ ರೊಟ್ಟಿಯ ಜೊತೆ ತಿನ್ನುವುದನ್ನು ಕಂಡು, ಇದು ಆ ಚಾರ್ಟಿನಲ್ಲಿ ಎಲ್ಲಿತ್ತು ಎಂದು ಯೋಚಿಸಿದ್ದೆ. ಇರಲಿಲ್ಲ.

ಮಾವನವರು ತೀರಿಕೊಂಡಿದ್ದು ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ. ಎಡಗಾಲಿನ ಹುಣ್ಣು ಮಾಯಲಿಲ್ಲ. ಕೊಪ್ಪಳದ ಆಸ್ಪತ್ರೆಯಲ್ಲಿ ಡಾಕ್ಟರು, ಕಾಲಿನ ನರಗಳು ಎಂದೋ ಸತ್ತಿವೆ, ನೋವು ಗೊತ್ತಾಗದೆ ಹುಣ್ಣು ಒಳಗೆ ಹೋಗಿದೆ ಎಂದಿದ್ದರು. ನಾವು ತಲೆಯಾಡಿಸಿದ್ದೆವು. ವಯಸ್ಸಾದವರಿಗೆ ಆಗುವಂಥದ್ದು ಅಂದುಕೊಂಡಿದ್ದೆವು.

ಆಮೇಲೆ ಬಹಳ ದಿನ ಸಂತೆಯ ಚೀಲ ಗೂಟಕ್ಕೆ ಹಾಗೇ ತೂಗುತ್ತಿತ್ತು. ಒಂದು ಬೆಳಿಗ್ಗೆ ಅತ್ತೆ ಅದನ್ನು ತೆಗೆದು ನಮ್ಮ ಯಜಮಾನರ ಮುಂದೆ ಇಟ್ಟರು.

"ಇದು ಹಿಂಗ ತೂಗಬಾರದು. ಹೋಗಿ ಬಾ."

"ಬೇ, ಎಲ್ಲಾ ಮನಿ ಬಾಗಿಲಿಗೆ ಗಾಡಿ ಮ್ಯಾಲ ಬರ್ತೈತಿ."

"ಗಾಡ್ಯಾಗ ನಿಮ್ಮಪ್ಪನ ಮಂದಿ ಬರ್ತಾರ ಏನ?"

ಯಜಮಾನರಿಗೆ ಆ ವೇಳೆಗೆ ಸಕ್ಕರೆ ಇರುವುದು ಗೊತ್ತಾಗಿತ್ತು. ಯಾವಾಗಿನಿಂದ ಇತ್ತೋ, ಆಗಷ್ಟೇ ಪರೀಕ್ಷೆ ಮಾಡಿಸಿದ್ದರು. ಕೊಪ್ಪಳದಲ್ಲಿ ಸರ್ಕಾರಿ ಆಫೀಸು, ದಿನಾ ಬಸ್ಸು, ಕುರ್ಚಿ. ಮಧ್ಯಾಹ್ನದ ಡಬ್ಬಿ ಅರ್ಧ ಹಾಗೇ ವಾಪಸು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ, ಮಿರ್ಚಿ, ಚಾ. ಬಾಯಿ ಒರೆಸಿಕೊಂಡು ಬಂದರೂ ಶರ್ಟಿನ ಗುಂಡಿಯ ಹತ್ತಿರ ಮಂಡಕ್ಕಿಯ ಒಂದು ಕಾಳು ಅಂಟಿಕೊಂಡಿರುತ್ತಿತ್ತು. ನಾನು ಅದನ್ನು ತೆಗೆದು ಬಿಸಾಕುತ್ತಿದ್ದೆ.

ಸಂತೆಗೆ ಹೋಗತೊಡಗಿದ ಮೇಲೆ ನಮ್ಮ ಮನೆ ನಿಧಾನಕ್ಕೆ ಬದಲಾಯಿತು. ಇದನ್ನು ನಾನು ಮುಚ್ಚಿಡುವುದಿಲ್ಲ, ಯಾರು ಕೇಳಿದರೂ ಹೇಳುತ್ತೇನೆ. ನಮ್ಮ ಸಂತೆಯಲ್ಲಿ ಹಳ್ಳಿಗಳಿಂದ ಬೆಳೆದವರೇ ಬಂದು ಒದ್ದೆ ಗೋಣಿಚೀಲ ಹಾಸಿ ಕೂತಿರುತ್ತಾರೆ. ಪಲ್ಲೆ ನಸುಕಿನಲ್ಲಿ ಕಿತ್ತದ್ದು. ಬೇರಿಗೆ ಮಣ್ಣು ಹಾಗೇ ಇರುತ್ತದೆ, ಕೆಲವೊಮ್ಮೆ ಸಿವುಡಿನೊಳಗೆ ಒಂದು ಇರುವೆಯೂ ಇರುತ್ತದೆ. ಕಾಲಕ್ಕೆ ತಕ್ಕಂತೆ ಮಾತ್ರ ಸಿಗುತ್ತದೆ. ಚಳಿಯಲ್ಲಿ ಕಡ್ಲಿ ಪಲ್ಲೆ, ಮಳೆಯಲ್ಲಿ ಹೀರಿಕಾಯಿ. ಇಲ್ಲದ್ದನ್ನು ಕೇಳಿದರೆ "ಈಗ ಎಲ್ಲಿಂದ ತರೂಣ್ರಿ ಅದನ್ನ" ಎಂದು ನಗುತ್ತಾರೆ. ಮನೆಯಿಂದ ಸಂತೆಗೆ, ಸಂತೆಯೊಳಗೆ, ಸಂತೆಯಿಂದ ಮನೆಗೆ ನಡಿಗೆ. ಇಷ್ಟೊಂದು ತಪ್ಪಲು ಪಲ್ಲೆ ಬಂದ ಮೇಲೆ ಬಾಡುವ ಮೊದಲು ಮಾಡಲೇಬೇಕು. ಹಾಗಾಗಿ ಅನ್ನ ತಾನಾಗಿ ಕಡಿಮೆಯಾಯಿತು, ರೊಟ್ಟಿ ಪಲ್ಲೆ ಹೆಚ್ಚಾಯಿತು. ಯಜಮಾನರ ಡಬ್ಬಿ ಖಾಲಿಯಾಗಿ ಬರತೊಡಗಿತು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು. ಕೊಪ್ಪಳದ ಡಾಕ್ಟರು ಒಂದು ಗುಳಿಗೆ ಕಡಿಮೆ ಮಾಡಿದರು. ಆ ಸಂಜೆ ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದೆ.

ಆದರೆ ಸಂತೆಯಿಂದ ನಮ್ಮ ಮನೆಗೆ ಬಂದದ್ದು ಪಲ್ಲೆ ಮಾತ್ರವಲ್ಲ.

ಯಜಮಾನರ ಜೊತೆ ನಾನೂ ಸಂತೆಗೆ ಹೋದ ಮೊದಲ ದಿನ ನೆನಪಿದೆ. ಪುಂಡಿ ಪಲ್ಲೆ ಮಾರುವ ಮುದುಕಿಯೊಬ್ಬಳು ತಲೆ ತಗ್ಗಿಸಿ ಸಿವುಡು ಕಟ್ಟುತ್ತಿದ್ದಳು. ನಾವು ಹತ್ತಿರ ಬಂದಂತೆ ಅವಳ ಕೈ ನಿಂತಿತು. ತಲೆ ಎತ್ತಲಿಲ್ಲ. ಹಾಗೇ ಕಿವಿ ಕೊಟ್ಟು ಕೂತಳು. ಆಮೇಲೆ ಮೇಲೆ ನೋಡಿ ಎದೆ ಮುಟ್ಟಿಕೊಂಡಳು.

"ಯಪ್ಪಾ! ಅಜ್ಜಾರ ಬಂದ್ರು ಅನ್ಕೊಂಡೆ ನೋಡ್ರಿ. ಎದಿ ಧಸಕ್ ಅಂತು."

ಪಕ್ಕದ ಉಳ್ಳಾಗಡ್ಡಿಯವನು ನಕ್ಕ. "ಅಜ್ಜಾರು ತಿರುಗಿ ಬಂದ್ರೂ ನಿನ್ನ ಕಡೆ ಯಾಕ ಬರ್ತಾರಬೇ? ಕೊಸರು ಕೊಡೂ ಮುಂದ ನಿನ್ನ ಕೈ ಎಷ್ಟು ಬಿಗಿ ಅಂತ ಅವ್ರಿಗೆ ಗೊತ್ತಿಲ್ಲೇನು?"

"ಬಿಗಿ ಇರ್ಲಿ ತಗೊ. ನಿನ್ನ ಗಡ್ಡಿ ಹಂಗ ನನ್ನ ಪಲ್ಲೆ ಮಂದೀನ ಅಳಸೂದಿಲ್ಲ" ಎಂದು ಅವನಿಗೆ ಅಂದು, ನಮ್ಮ ಕಡೆ ತಿರುಗಿ ದನಿ ತಗ್ಗಿಸಿದಳು. "ಥೇಟ್ ಅವರ ನಡಿಗಿ ಬಂದೈತ್ರಿ ನಿಮಗ. ಹಿಂಗ ಟಪ್, ಹಿಂಗ ಸರ್ರ್. ಮನಿತನದ ನಡಿಗಿ ಎಲ್ಲಿ ಹೋಗತೈತಿ?"

ಅವಳು ಒಂದು ಸಿವುಡನ್ನು ಚೀಲಕ್ಕೆ ಹಾಕಿ "ಇದು ನಿಮಗ" ಎಂದಳು. ಇನ್ನೊಂದು ಸಣ್ಣ ಹಿಡಿಯನ್ನು ಅದರ ಮೇಲೆ ಇಟ್ಟಳು. "ಇದು ಅಜ್ಜಾರಿಗೆ."

ಅಂದಿನಿಂದ ಅದು ರೂಢಿಯಾಯಿತು. ಮೆಂತ್ಯೆಯವಳೂ ಕೊಸರು ಕೊಡುವಾಗ ಅಜ್ಜಾರಿಗೆ ಎನ್ನುತ್ತಿದ್ದಳು, ಬದನೆಕಾಯಿಯವನೂ ಎನ್ನುತ್ತಿದ್ದ. ಬದುಕಿದ್ದವರಿಗೆ ಕೊಡುವ ಹಾಗೇ, ನಗುನಗುತ್ತಾ. ಯಜಮಾನರಿಗೆ ಇದು ಎಷ್ಟು ಹಿತವಾಯಿತೆಂದರೆ, ಆಫೀಸಿನಲ್ಲಿ ಯಾರೂ ತಿರುಗಿ ನೋಡದ ಮನುಷ್ಯ ಸಂತೆಯಲ್ಲಿ ಎದೆ ಮುಂದೆ ಮಾಡಿ ನಡೆಯುತ್ತಿದ್ದರು. "ಅಜ್ಜಾರ ಬಂದ್ರು, ದಾರಿ ಬಿಡ್ರಿ" ಎಂದು ಯಾರಾದರೂ ಕೂಗಿದರೆ ಕೈ ಎತ್ತುತ್ತಿದ್ದರು. ಆ ಕೈ ಎತ್ತುವುದೂ ಮಾವನವರದೇ. ಮನೆಗೆ ಬಂದು ನಾನು ಎರಡೂ ಪಾಲನ್ನು ಒಂದೇ ಪಾತ್ರೆಯಲ್ಲಿ ಬೇಯಿಸುತ್ತಿದ್ದೆ. ಯಾವ ಎಲೆ ಯಾರದು ಎಂದು ಗೊತ್ತಾಗುತ್ತಿರಲಿಲ್ಲ.

ಒಂದು ಸಲ ಯಜಮಾನರು ಒಬ್ಬರೇ ಹೋಗಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಕಡಿಯ ಮೇಲೆ ಟಪ್, ಸರ್ರ್ ಕೇಳಿತು. ನನ್ನ ಕೈ ತಾನಾಗಿ ಹೋಗಿ ಉರಿ ಸಣ್ಣ ಮಾಡಿತು. ಹೊರಗೆ ಬಂದು ನೋಡಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ತಂಬಿಗೆ. ತಲೆಯ ಮೇಲೆ ಸೆರಗು. ಮಾವನವರು ಹೋದ ಮೇಲೆ ಅವರು ಸೆರಗು ಹೊದ್ದದ್ದನ್ನು ನಾನು ಕಂಡಿರಲಿಲ್ಲ. ಮಗನ ಮುಖ ಕಂಡ ಮೇಲೆ ಅವರು ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು, ಎರಡೂ ಕೈಯಿಂದ ಸೆರಗನ್ನು ಮೆಲ್ಲಗೆ ಹಿಂದಕ್ಕೆ ಇಳಿಸಿಕೊಂಡರು. ಯಜಮಾನರು ಕಾಲು ತೊಳೆದುಕೊಂಡರು.

ಅಂದು ಮಧ್ಯಾಹ್ನ ಬಾಗಿಲು ಗುಡಿಸುವಾಗ ಅವರ ಚಪ್ಪಲಿ ಕೈಗೆ ತೆಗೆದುಕೊಂಡೆ. ಬಲಗಾಲಿನದು ಹಿಮ್ಮಡಿಯಲ್ಲಿ ಸವೆದಿತ್ತು, ಎಲ್ಲರದೂ ಸವೆಯುವ ಹಾಗೆ. ಎಡಗಾಲಿನದು ಮುಂದೆ, ಬೆರಳು ಇರುವ ಕಡೆ ತೇದುಹೋಗಿತ್ತು. ದಾರಿಯುದ್ದಕ್ಕೂ ಯಾರೋ ಅದನ್ನು ನೆಲಕ್ಕೆ ಉಜ್ಜಿಕೊಂಡು ಬಂದ ಹಾಗಿತ್ತು. ಈ ಮನುಷ್ಯ ಮದುವೆಯ ಹೊಸದರಲ್ಲಿ ನಡೆಯುತ್ತಿದ್ದದ್ದು ಹೀಗಲ್ಲ ಅನ್ನಿಸಿತು. ಗಂಗಾವತಿಯ ನಮ್ಮ ತವರಿನ ಮೆಟ್ಟಿಲನ್ನು ಅವರು ಎರಡೆರಡು ಹಾರಿ ಹತ್ತುತ್ತಿದ್ದರು. ನನ್ನ ಅವ್ವ ಒಳಗಿನಿಂದ "ಬೀಳ್ತೀರಿ, ಸಾವಕಾಶ" ಎನ್ನುತ್ತಿದ್ದಳು.

ಮರುದಿನ ಅತ್ತೆಯ ಜೊತೆ ಪಲ್ಲೆ ಸೋಸುತ್ತಾ ಕೇಳಿದೆ. "ಅತ್ತಿ, ಮಾವಾರು ಮೊದಲಿನಿಂದ ಹಿಂಗ ಕಾಲು ಎಳದು ನಡೀತಿದ್ರಾ?"

"ಅವರಾ?" ಅತ್ತೆಯ ಮುಖದಲ್ಲಿ ನಗು ಬಂತು. "ಲಗ್ನಾದ ವರ್ಷ ಹುಲಿಗಿ ಜಾತ್ರಿಗೆ ನಡಕೊಂತ ಹೋಗಿದ್ವಿ. ಬೆಕ್ಕಿನಂಗ ನಡಿಗಿ, ಒಂದ ಸಪ್ಪಳ ಇಲ್ಲ. ಮುಂದ ಮುಂದ ಹೋಗಿ ಎಲ್ಯರ ಗಿಡದ ಬುಡಕ ಕುಂತಿರ್ತಿದ್ರು, ನಾ ಹಿಂದ ಏದಕೊಂತ ಬರೂದು. ಭಾಳ ಬೈದಿದ್ದೆ, ಮನಸಿನ್ಯಾಗ."

"ಮತ್ತ ಆ ಸರ್ರ್ ಅನ್ನೂದು ಯಾವಾಗ ಬಂತು?"

"ಸಕ್ಕರಿ ಬಂದು..." ಎಂದವರು ನಿಲ್ಲಿಸಿದರು. ಬೆರಳಲ್ಲಿ ಹಿಡಿದಿದ್ದ ಎಲೆಯನ್ನು ಚಿವುಟಲಿಲ್ಲ, ಕೆಳಗೂ ಇಡಲಿಲ್ಲ. ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಅದು ಮನೆತನದ ನಡಿಗೆಯಲ್ಲ. ಕುಷ್ಟಗಿಯ ಸಂತೆ ಮಾವನವರನ್ನು ಕಂಡದ್ದೇ ಅವರ ಕಾಲಿನ ಜೀವ ಹೋಗತೊಡಗಿದ ಮೇಲೆ. ಆ ಮಂದಿಗೆ ಅಜ್ಜಾರೆಂದರೆ ಆ ಸಪ್ಪಳ. ಮಗನಿಗೂ ಅದೇ ಸಪ್ಪಳ ಬಂದಾಗ ಅವರು ಅಕ್ಕರೆಯಿಂದ ಗುರುತು ಹಿಡಿದಿದ್ದರು. ನಾವೂ ಹಿಡಿದಿದ್ದೆವು.

"ಅವಗ ನೀನ ಹೇಳು ಯವ್ವಾ" ಎಂದರು ಅತ್ತೆ. "ನನ್ನ ಬಾಯಾಗ ಬಂದ್ರ ಅದು ಶಾಪ ಆದಂಗ ಆಕ್ಕೈತಿ."

ಹೇಳಿದೆ. ಯಜಮಾನರು ಪೇಪರಿನಿಂದ ಕಣ್ಣು ತೆಗೆಯಲಿಲ್ಲ.

"ಸಕ್ಕರಿ ಇಳದೈತಲ್ಲ? ಡಾಕ್ಟರ್ ಗುಳಗಿ ಕಮ್ಮಿ ಮಾಡ್ಯಾರಲ್ಲ?"

"ಇಳದೈತ್ರಿ. ಆದ್ರ ಕಾಲು ಒಮ್ಮೆ ತೋರಿಸಿ ಬರೂಣು."

"ಕಾಲಿಗೆ ಏನಾಗೈತಿ? ನೋವು ಐತಾ? ಇಲ್ಲ. ಉರಿ ಐತಾ? ಇಲ್ಲ."

"ಅದಕ್ಕ ರೀ ನಂಗ ಅಂಜಿಕಿ."

ಆಗ ಅವರು ಪೇಪರ್ ಮಡಚಿದರು. "ಅಪ್ಪನ್ನ ಕಳಕೊಂಡೆ. ಸಂತ್ಯಾಗ ಒಂದೀಟು ಸಿಗತಾನ. ಅದನ್ನೂ ರೋಗ ಅಂತಿ ಏನ ನೀ?"

ಅದರಲ್ಲಿ ಸಿಟ್ಟಿರಲಿಲ್ಲ. ಅವರ ದನಿ ಸಣ್ಣದಾಗಿತ್ತು. ನಾನು ಒಳಗೆ ಹೋದೆ.

ಆಮೇಲಿನ ಸಂತೆಗಳಿಗೆ ಅವರು ನನ್ನನ್ನು ಕರೆಯಲಿಲ್ಲ. ಒಬ್ಬರೇ ಹೋದರು, ಒಬ್ಬರೇ ಬಂದರು. ಚೀಲದಲ್ಲಿ ಕೊಸರಿನ ಸಣ್ಣ ಹಿಡಿಗಳು ಹಾಗೇ ಬರುತ್ತಿದ್ದವು. ನಾನು ಅಡುಗೆಮನೆಯಲ್ಲಿ ನಿಂತು ಎರಡು ಹೆಜ್ಜೆಗಳ ನಡುವಿನ ಆ ಎಳೆತವನ್ನು ಕೇಳುತ್ತಿದ್ದೆ. ಅದು ಉದ್ದವಾಗುತ್ತಿದೆಯೋ ಎಂದು ಅನುಮಾನ. ಮಾವನವರ ಎಳೆತ ಕೊನೆಗೆ ಎಷ್ಟು ಉದ್ದವಿತ್ತು ಎಂದು ನೆನಪಿಸಿಕೊಳ್ಳಲು ನೋಡುತ್ತಿದ್ದೆ. ಅದು ನೆನಪಾಗುತ್ತಿರಲಿಲ್ಲ, ಈಗ ಕೇಳುತ್ತಿರುವುದೇ ಅದರ ಮೇಲೆ ಬಂದು ಕೂರುತ್ತಿತ್ತು.

ಬೇಸಿಗೆ ಬಂತು. ಕುಷ್ಟಗಿಯ ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತದೆ. ಅಂಥ ಒಂದು ಸಂತೆಯ ದಿನ ಅವರು ತಡವಾಗಿ ಬಂದರು. ಕಡಿಯ ಮೇಲೆ ಟಪ್ ಮಾತ್ರ ಕೇಳಿತು. ಆಮೇಲೆ ಏನೂ ಇಲ್ಲ. ಮತ್ತೆ ಟಪ್. ನಾನು ಒಲೆ ಬಿಟ್ಟು ಬಾಗಿಲಿಗೆ ಬಂದೆ. ಅತ್ತೆಯೂ ಎದ್ದು ಬಂದರು.

ಯಜಮಾನರು ನಗುತ್ತಾ ಒಳಗೆ ಬಂದರು. ಬಗಲಲ್ಲಿ ಚೀಲ ತುಂಬಿತ್ತು.

"ಇವತ್ತು ಸಂತಿ ಮಂದಿಗೆ ಏನಾಗಿತ್ತೋ ಏನೋ. 'ಅಜ್ಜಾರ, ಅಜ್ಜಾರ' ಅಂತ ಬರೇ ಕೂಗಿದ್ದ ಕೂಗಿದ್ದು. ಕೈ ಮಾಡಿ ಮಾಡಿ ಸಾಕಾತು."

ಅತ್ತೆ ಅವರ ಕಾಲನ್ನೇ ನೋಡುತ್ತಿದ್ದರು. "ಇನ್ನೊಂದು ಚಪ್ಲಿ ಎಲ್ಲಿ ಐತೋ?"

ಅವರು ಕೆಳಗೆ ನೋಡಿದರು. ಬಲಗಾಲಿಗೆ ಚಪ್ಪಲಿ ಇತ್ತು. ಎಡಗಾಲು ಬರಿದಾಗಿತ್ತು, ಧೂಳು ಡಾಂಬರು ಹತ್ತಿ ಕರ್ರಗಾಗಿತ್ತು. ಅವರು ಅದನ್ನು ಬೇರೆ ಯಾರದೋ ಕಾಲೆಂಬಂತೆ ನೋಡಿದರು. ನಗು ಇನ್ನೂ ಮುಖದ ಮೇಲೇ ಇತ್ತು. ಅದನ್ನು ತೆಗೆಯುವುದು ಅವರಿಗೆ ಮರೆತಿತ್ತು.

ಅಷ್ಟರಲ್ಲಿ ಉಳ್ಳಾಗಡ್ಡಿಯವನು ಬೈಕಿನಲ್ಲಿ ಬಂದ. ಕೈಯಲ್ಲಿ ಚಪ್ಪಲಿ.

"ಏನ್ರಿ ಇದು? ಅಜ್ಜಾರ ಚಪ್ಲಿ ಬಿಟ್ರಿ, ಅಜ್ಜಾರ ಚಪ್ಲಿ ಬಿಟ್ರಿ ಅಂತ ಇಡೀ ಸಂತಿ ಒದರೈತಿ. ನೀವು ನೋಡಿದ್ರ ಮಂತ್ರಿ ಹಂಗ ಕೈ ಮಾಡಕೊಂತ ಹೊಂಟ್ರಿ! ಕಾಲು ಸುಡಲಿಲ್ಲೇನ್ರಿ?"

ಯಾರೂ ನಗಲಿಲ್ಲ. ಅವನು ಒಮ್ಮೆ ಅತ್ತೆಯ ಮುಖ, ಒಮ್ಮೆ ನನ್ನ ಮುಖ ನೋಡಿ, ಚಪ್ಪಲಿಯನ್ನು ಗೋಡೆಗೆ ಒರಗಿಸಿಟ್ಟು ಹೊರಟುಹೋದ.

ಅತ್ತೆ ತಂಬಿಗೆಯ ನೀರು ಹೊಯ್ದರು. ನಾನು ಕೂತು ತೊಳೆದೆ. ಕಪ್ಪು ಹೋದ ಮೇಲೆ ಹೆಬ್ಬೆರಳ ಕೆಳಗೆ ದೊಡ್ಡ ಬೊಬ್ಬೆ ಕಂಡಿತು, ಒಡೆದು ಚರ್ಮ ಸರಿದಿತ್ತು. ಅದರ ಮೇಲೆ ನೀರು ಬಿದ್ದರೂ ಅವರ ಕಾಲು ಅಲುಗಲಿಲ್ಲ.

"ಏನೂ ಇಲ್ಲ. ನೋವಿಲ್ಲ" ಎಂದರು.

"ಅವರೂ ಹಿಂಗ ಅಂದಿದ್ರು" ಎಂದು ಅತ್ತೆ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ತಂಬಿಗೆ ಉರುಳಿ ನೀರೆಲ್ಲ ಅಂಗಳಕ್ಕೆ ಹೋಯಿತು.

ಮರುದಿನ ಮೊದಲ ಬಸ್ಸಿಗೆ ಕೊಪ್ಪಳಕ್ಕೆ ಹೋದೆವು. ಡಾಕ್ಟರು ಅವರನ್ನು ಮಲಗಿಸಿ, ಕಣ್ಣು ಮುಚ್ಚಲು ಹೇಳಿ, ಮೀನಿನ ಗಾಳದ ದಾರದಂಥ ಒಂದು ಎಳೆಯಿಂದ ಬೆರಳುಗಳನ್ನು ಮುಟ್ಟುತ್ತಾ ಹೋದರು. ಮುಟ್ಟಿದಾಗ ಹೂಂ ಎನ್ನಬೇಕು. ಬಲಗಾಲಿಗೆ ಹೂಂ, ಹೂಂ ಎಂದರು. ಎಡಗಾಲಿಗೆ ಬಂದಾಗ ಹೂಂ ನಿಂತಿತು. ಎಳೆ ಒಂದೊಂದು ಬೆರಳ ಮೇಲೆ ಬಾಗುವುದು ನನಗೆ ಕಾಣುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡು, ಇನ್ನೂ ಶುರುವಾಗಿಲ್ಲ ಎಂದುಕೊಂಡು ಕಾಯುತ್ತಿದ್ದರು. ಹಿಮ್ಮಡಿಯ ಹತ್ತಿರ ಬಂದಾಗ ಒಮ್ಮೆ ಹೂಂ ಎಂದರು.

"ಹಿಮ್ಮಡ್ಯಾಗ ಇನ್ನೂ ಜೀವ ಐತಿ. ಅದನ್ನ ಉಳಿಸ್ಕೊಳ್ಳೂಣು" ಎಂದರು ಡಾಕ್ಟರು. ಸಂತೆ ಬಿಡಬೇಕೇ ಎಂದು ನಾನು ಕೇಳಿದೆ. "ಬ್ಯಾಡ್ರಿ! ಗಾಯ ಮಾಯೂ ತನಕ ನಡಿಗಿ ಬಿಡ್ರಿ, ಪಲ್ಲೆ ಬಿಡಬ್ಯಾಡ್ರಿ. ಸಕ್ಕರಿ ಹತೋಟ್ಯಾಗ ಐತಿ ಅಂತ ಈ ಗಾಯ ಮಾಯತೈತಿ. ಆದ್ರ ಹ್ವಾದ ನರ ಮಾತ್ರ ಸಂತ್ಯಾಗ ಸಿಗೂದಿಲ್ಲ." ದಿನಾ ಸಂಜೆ ಪಾದ ನೋಡಬೇಕು, ಬೆರಳು ಮುಟ್ಟಿ ನೋಡಬೇಕು, ಹಿಂದೆ ಪಟ್ಟಿ ಇರುವ ಮೆತ್ತನೆಯ ಚಪ್ಪಲಿ ಹಾಕಬೇಕು, ಬರಿಗಾಲಲ್ಲಿ ಅಂಗಳಕ್ಕೂ ಇಳಿಯಬಾರದು ಎಂದು ನನಗೆ ಹೇಳಿ ಕಳಿಸಿದರು.

ಗಾಯ ಮಾಯಲು ಬಹಳ ದಿನ ಹಿಡಿಯಿತು. ಆ ದಿನಗಳಲ್ಲಿ ಸಂತೆಗೆ ನಾನೊಬ್ಬಳೇ ಹೋಗುತ್ತಿದ್ದೆ. ಪುಂಡಿ ಪಲ್ಲೆಯ ಮುದುಕಿ ನನ್ನನ್ನು ನೋಡಿ "ಅಜ್ಜಾರು?" ಎನ್ನುತ್ತಿದ್ದಳು. ಯಾರನ್ನು ಕೇಳುತ್ತಿದ್ದಾಳೆಂದು ತಿಳಿಯದೆ ನಾನು "ಅದಾರ" ಎನ್ನುತ್ತಿದ್ದೆ.

ಗಾಯ ಮಾಯ್ದ ಮೇಲೆ ಅವರು ಹೊಸ ಚಪ್ಪಲಿಯಲ್ಲಿ ಸಂತೆಗೆ ಬಂದರು. ಡಾಕ್ಟರು ಹೇಳಿಕೊಟ್ಟಂತೆ ಎಡಗಾಲನ್ನು ಕಣ್ಣಿನಿಂದ ನೋಡಿ, ಎತ್ತಿ, ಇಡುತ್ತಿದ್ದರು. ಮೆತ್ತನೆಯ ಅಟ್ಟೆ, ಸಪ್ಪಳವೇ ಇಲ್ಲ. ಮುದುಕಿ ತಲೆ ತಗ್ಗಿಸಿ ಸಿವುಡು ಕಟ್ಟುತ್ತಲೇ ಇದ್ದಳು. ಎದುರಿಗೆ ನಿಂತಾಗಲೇ ಅವಳು ಮೇಲೆ ನೋಡಿದ್ದು. "ಬರ್ರಿ ಸರ" ಎಂದಳು. ಕೊಸರು ಕೊಟ್ಟಳು, ಒಂದೇ ಹಿಡಿ. ಯಾರಿಗೆ ಎಂದು ಹೇಳಲಿಲ್ಲ. ಮೆಂತ್ಯೆಯವಳೂ ಸರ ಎಂದಳು. ಇಡೀ ಸಂತೆ ದಾಟಿದರೂ ಯಾರೂ ಕೂಗಲಿಲ್ಲ. ದಾರಿಯಲ್ಲಿ ಅವರು "ಅಪ್ಪ ಇವತ್ತು ಸಂತಿಗೆ ಬರಲಿಲ್ಲ" ಎಂದರು. ಮನೆಯಲ್ಲಿ ಅತ್ತೆಗೂ ನಾವು ಬಂದದ್ದು ಗೊತ್ತಾಗಲಿಲ್ಲ. ತಂಬಿಗೆಯನ್ನು ನಾನೇ ತುಂಬಿಕೊಂಡೆ.

ಈಗ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅವರು ಮಂಚದ ಮೇಲೆ ಕಾಲು ಚಾಚಿ ಕಣ್ಣು ಮುಚ್ಚುತ್ತಾರೆ. ನಾನು ಬೆರಳ ತುದಿಯಿಂದ ಮುಟ್ಟುತ್ತೇನೆ, "ಗೊತ್ತಾತಾ?" ಎನ್ನುತ್ತೇನೆ. ಮೊದಮೊದಲು ಎಡಗಾಲಿಗೆ ಇಲ್ಲ ಎನ್ನುತ್ತಿದ್ದರು. ಈಚೆಗೆ ಕೆಲವು ವಾರಗಳಿಂದ ಎಲ್ಲ ಬೆರಳಿಗೂ ಹೂಂ ಎನ್ನುತ್ತಿದ್ದಾರೆ. ಅತ್ತೆ ಹುಲಿಗೆಮ್ಮನಿಗೆ ಹರಕೆ ತೀರಿಸಬೇಕೆಂದರು. ನನಗೂ ಆಸೆಯಾಯಿತು. ಹೋದ ನರ ಬರುವುದಿಲ್ಲ ಎಂದು ಡಾಕ್ಟರು ಅಂದಿದ್ದರು ನಿಜ, ಆದರೂ ಇಷ್ಟು ಪಲ್ಲೆ, ಇಷ್ಟು ನಡಿಗೆ, ಏನಾದರೂ ಆಗಿರಬಾರದೇ.

ನಿನ್ನೆ ಸಂಜೆ ನಾನು ಬಲಗಾಲು ಮುಗಿಸಿ ಎಡಗಾಲಿಗೆ ಬಂದೆ. ನಿಜವೋ ನೋಡೋಣವೆಂದು, ಮುಟ್ಟದೆ, ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡು ಕೇಳಿದೆ.

"ಗೊತ್ತಾತಾ?"

"ಹೂಂ."

"ಈಗ?"

"ಹೂಂ, ಕಿರಿಬೆರಳು."

ಮೂರನೆಯ ಪ್ರಶ್ನೆ ಬಾರದ್ದಕ್ಕೆ ಅವರು ಕಣ್ಣು ಬಿಟ್ಟರು. ನನ್ನ ಮಡಿಲಲ್ಲಿದ್ದ ಕೈಗಳನ್ನು ನೋಡಿದರು, ತಮ್ಮ ಕಾಲನ್ನು ನೋಡಿದರು.

"ಮುಟ್ಟಿದ್ದಿ ಅಲ್ಲ?" ಎಂದರು.

"ಇಲ್ರಿ."

ಅವರು ಸುಳ್ಳು ಹೇಳಿರಲಿಲ್ಲ. ಅದು ಅವರ ಮುಖದಲ್ಲಿ ಕಾಣುತ್ತಿತ್ತು. ಯಾರೋ ಮುಟ್ಟಿದ್ದು ಅವರಿಗೆ ನಿಜವಾಗಿ ಗೊತ್ತಾಗಿತ್ತು.

"ಅವ್ವನ ಮುಂದ ಹೇಳಬ್ಯಾಡ" ಎಂದರು. ಹೇಳುವುದಿಲ್ಲ ಎಂದೆ. ಬರುವ ವಾರ ಕೊಪ್ಪಳಕ್ಕೆ ಹೋಗಿ ಡಾಕ್ಟರಿಗೆ ಮಾತ್ರ ಹೇಳೋಣ ಎಂದೆ. ಅವರು ತಲೆಯಾಡಿಸಿದರು. ಆಮೇಲೆ ನಾನು ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೆಚ್ಚಗಿತ್ತು. ಬೆರಳ ಸಂದು, ಉಗುರಿನ ಅಂಚು, ಹಿಮ್ಮಡಿಯ ಸೀಳು, ಎಲ್ಲವನ್ನೂ ದೀಪದ ಬೆಳಕಿಗೆ ತಿರುಗಿಸಿ ನೋಡಿದೆ. ಗಾಯವಿರಲಿಲ್ಲ.

ಇಂದು ಸಂತೆ. ಇಬ್ಬರೂ ಹೋಗಿ ಬಂದೆವು. ಅವರ ಎಡಗಡೆ ನಾನು ನಡೆದೆ, ಕಣ್ಣು ನೆಲದ ಮೇಲೆ. ಕಲ್ಲು, ಗಾಜು, ಬಿಸಿ ಡಾಂಬರು ಕಂಡಲ್ಲೆಲ್ಲ ಅವರ ಮೊಣಕೈ ಮುಟ್ಟಿದೆ, ಅವರು ಕಾಲು ಎತ್ತಿ ಇಟ್ಟರು.